ಹೊರೆ ಬಿಗಿಯುವ ವಿಜ್ಞಾನ

ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಸಮೀಪದಲ್ಲಿ, ‘ಪಯಣ’ ಎಂಬ ಹೆಸರಿನ ಕಾರುಗಳ ಸಂಗ್ರಹಾಲಯವೊಂದಿದೆ. ೨೦೨೩ರಲ್ಲಿ ಜನರಿಗೆ ತೆರೆದ ಈ ಸಂಗ್ರಹಾಲಯವು ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯ ಫಲ. ಧರ್ಮಸ್ಥಳದಲ್ಲಿಯೂ ಇಂಥ ಹಳೆಯ ಕಾರುಗಳ ಸಂಗ್ರಹವಿರುವುದನ್ನು ಯಾತ್ರಿಕರು ಬಲ್ಲರು. ಅಲ್ಲಿಂದ ಇಲ್ಲಿಗೆ ಒಂದು ಹಳೆಯ ಕಾರನ್ನು ತರಬೇಕಾಗಿದೆ ಎಂದು ಭಾವಿಸೋಣ. ಶಿರಾಡಿ ಘಾಟಿಯನ್ನು ಹತ್ತಿ, ಸಕಲೇಶಪುರ, ಹಾಸನಗಳನ್ನು ದಾಟಿ ಚನ್ನರಾಯಪಟ್ಟಣಕ್ಕೆ ಬರಬೇಕು. ಅಲ್ಲಿಂದ ಮುಂದೆ ಕೃಷ್ಣರಾಜಪೇಟೆಯ ಮೂಲಕವಾದರೂ ಬರಬಹುದು. ಬೆಳ್ಳೂರು ಕ್ರಾಸಿಗೆ ಹೋಗಿ ನಾಗಮಂಗಲದ ಮೂಲಕವಾದರೂ ಬರಬಹುದು. ಎರಡು ದಾರಿಗಳೂ ಪಾಂಡವಪುರದ ಕಡೆಗೆ ತಂದು ಶ್ರೀರಂಗಪಟ್ಟಣಕ್ಕೆ ಮುಟ್ಟಿಸುವುವು.

ಅರವತ್ತು, ಎಪ್ಪತ್ತು ವರ್ಷ ವಯಸ್ಸಾದ ಕಾರನ್ನು ಇಷ್ಟು ದೂರ ಓಡಿಸಿಕೊಂಡು ಬರುವುದು ವಿವೇಕವಲ್ಲ. ಅದರ ಟೈರು, ಬ್ರೇಕು, ಕೊಳವೆಗಳೆಲ್ಲ ವಯಸ್ಸಾದವು. ಮುರಿದ ಭಾಗಕ್ಕೆ ಬದಲಿ ಭಾಗ ಸಿಕ್ಕುವುದು ದುರ್ಲಭ. ಆದುದರಿಂದ ಅದನ್ನು ಒಂದು ಟ್ರೈಲರಿನ ಮೇಲೆ ಏರಿಸಿ, ಬಿಗಿದು, ಬೇರೊಂದು ಗಾಡಿಯಿಂದ ಎಳೆಯಿಸಿ ತರುವರು. ಬಿಗಿಯುವ ಕೆಲಸ ನೋಡುವುದಕ್ಕೆ ಸುಲಭ. ನಾಲ್ಕು ಬೆಲ್ಟು, ನಾಲ್ಕು ಕೊಕ್ಕೆ, ಅಷ್ಟೆ. ಆದರೆ ಅದರಲ್ಲಿ ಪ್ರೌಢಶಾಲೆಯ ಬಲವಿಜ್ಞಾನದ ಪಾಠವೆಲ್ಲ ಅಡಗಿದೆ.

ಈ ವಿಷಯವನ್ನು ನಾನು ಆಯ್ದುಕೊಂಡುದಕ್ಕೆ ಕಾರಣ ಕಾರು ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ, ಕಬ್ಬು ಅರೆಯುವ ಕಾಲದಲ್ಲಿ, ಪಾಂಡವಪುರದ ಕಡೆಯ ರಸ್ತೆಯೊಂದರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೈಲರೊಂದು ಉಬ್ಬನ್ನು ಹಾಯುತ್ತಿದ್ದಾಗ ಮೇಲಿನ ಹೊರೆ ಜಾರಿತು. ಹಿಂದೆ ಸೈಕಲಿನಲ್ಲಿ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನ ತೋಳು ಮುರಿಯಿತು. ತಲೆಗೆ ಬೀಳದಿದ್ದುದು ಪುಣ್ಯ. ಕೈಗೆ ಪಟ್ಟಿ ಕಟ್ಟಿಕೊಂಡು ತರಗತಿಗೆ ಬಂದ ದಿನ ಅವನು ಕೇಳಿದ ಮೊದಲನೆಯ ಪ್ರಶ್ನೆ ಇದು: “ಹಗ್ಗ ಕಟ್ಟಿದ್ದರು ಸಾರ್, ನಾನೇ ನೋಡಿದೆ. ಆದರೂ ಯಾಕೆ ಜಾರಿತು?” ಈ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

೧. ಹೊರೆ ತಾನಾಗಿ ಚಲಿಸುವುದಿಲ್ಲ

ಓಡುತ್ತಿರುವ ಎತ್ತಿನ ಗಾಡಿ ಥಟ್ಟನೆ ನಿಂತರೆ ಅದರಲ್ಲಿ ಕುಳಿತವನು ಮುಂದಕ್ಕೆ ಮುಗ್ಗರಿಸುವನು. ಅವನನ್ನು ಯಾರೂ ತಳ್ಳಲಿಲ್ಲ. ಗಾಡಿ ನಿಂತಿತು, ಅವನು ನಿಲ್ಲಲಿಲ್ಲ, ಇಷ್ಟೇ ನಡೆದುದು. ಚಲಿಸುವ ವಸ್ತು ತನ್ನ ವೇಗವನ್ನೂ ದಿಕ್ಕನ್ನೂ ತಾನಾಗಿ ಬದಲಿಸದು ಎಂಬ ಈ ಗುಣಕ್ಕೆ ಜಡತ್ವವೆಂದು ಹೆಸರು. ನ್ಯೂಟನ್ನನ ಮೊದಲನೆಯ ನಿಯಮ ಹೇಳುವುದು ಇದನ್ನೇ.

ಆದುದರಿಂದ ಬೆಲ್ಟಿನ ಕೆಲಸವೇನೆಂಬುದನ್ನು ಸರಿಯಾಗಿ ತಿಳಿಯಬೇಕು. ಅದು ಕಾರನ್ನು ‘ಹಿಡಿದು ನಿಲ್ಲಿಸುವ’ ಸಾಧನವಲ್ಲ. ಟ್ರೈಲರಿನ ವೇಗ ಬದಲಾದಾಗಲೆಲ್ಲ ಕಾರಿನ ವೇಗವನ್ನೂ ಅಷ್ಟೇ ಬದಲಾಯಿಸಲು ಬೇಕಾದ ಬಲವನ್ನು ಒದಗಿಸುವ ಸಾಧನ ಅದು. ಆ ಬಲ ಎಷ್ಟು? ನ್ಯೂಟನ್ನನ ಎರಡನೆಯ ನಿಯಮದಂತೆ, ಕಾರಿನ ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬರುವಷ್ಟು.

ಯೂರೋಪಿನ ದೇಶಗಳು ಹೊರೆ ಬಿಗಿಯುವುದಕ್ಕೆ ಮಾಡಿಕೊಂಡಿರುವ ಇ.ಎನ್. ೧೨೧೯೫ ಎಂಬ ಮಾನದಂಡವು ರಸ್ತೆಯ ಸಾರಿಗೆಗೆ ಮೂರು ಅಂಕಿಗಳನ್ನು ಕೊಡುತ್ತದೆ. ಹೊರೆಯ ತೂಕದ ೦.೮ ಪಾಲಿನಷ್ಟು ಬಲವನ್ನು ಮುಮ್ಮುಖವಾಗಿಯೂ, ೦.೫ ಪಾಲಿನಷ್ಟನ್ನು ಹಿಮ್ಮುಖವಾಗಿಯೂ, ೦.೫ ಪಾಲಿನಷ್ಟನ್ನು ಪಕ್ಕಗಳಿಗೂ ತಡೆಯುವಂತೆ ಬಿಗಿ ಇರಬೇಕು. ಮುಮ್ಮುಖದ ಅಂಕಿ ದೊಡ್ಡದೇಕೆ? ಗಾಡಿಯ ಬ್ರೇಕು ಅದರ ಎಂಜಿನ್ನಿಗಿಂತ ಬಲಶಾಲಿ. ಗಾಡಿ ವೇಗವನ್ನು ಗಳಿಸುವುದು ನಿಧಾನವಾಗಿ, ಕಳೆದುಕೊಳ್ಳುವುದು ಕ್ಷಣದಲ್ಲಿ.

ನಮ್ಮ ಕಾರಿನ ದ್ರವ್ಯರಾಶಿ ೧೨೦೦ ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಅದರ ತೂಕ ೧೨೦೦ × ೯.೮ = ೧೧,೭೬೦ ನ್ಯೂಟನ್. ಬ್ರೇಕು ಹಾಕಿದಾಗ ಬೆಲ್ಟುಗಳು ಒದಗಿಸಬೇಕಾದ ಬಲ ಇದರ ೦.೮ ಪಾಲು, ಅಂದರೆ ೯,೪೦೮ ನ್ಯೂಟನ್. ಕಾರಿನ ಹ್ಯಾಂಡ್‌ಬ್ರೇಕನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಹಳೆಯ ಕಾರಿನಲ್ಲಿ ಅದು ಹಿಡಿದೀತೆಂಬ ಭರವಸೆಯಿಲ್ಲ; ಹಿಡಿದರೂ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುವುದು.

೨. ಕೋನದ ಮಹಿಮೆ

ಕಾರು ಮುಂದಕ್ಕೆ ಹೋಗದಂತೆ ತಡೆಯುವ ಬೆಲ್ಟುಗಳು ಕಾರಿನ ಹಿಂಭಾಗದಿಂದ ಹೊರಟು ಟ್ರೈಲರಿನ ಹಿಂತುದಿಯ ಬಳೆಗಳಿಗೆ ಹೋಗುವುವು. ಎಡಚಕ್ರದ ಬೆಲ್ಟು ಬಲಬದಿಯ ಬಳೆಗೂ ಬಲಚಕ್ರದ ಬೆಲ್ಟು ಎಡಬದಿಯ ಬಳೆಗೂ ಹೋಗುವಂತೆ ಅಡ್ಡಡ್ಡಲಾಗಿ ಕಟ್ಟುವುದು ರೂಢಿ. ಪ್ರತಿಯೊಂದು ಬೆಲ್ಟೂ ಟ್ರೈಲರಿನ ಹಾಸಿನೊಡನೆ ೩೦ ಡಿಗ್ರಿ ಕೋನವನ್ನೂ, ಮೇಲಿನಿಂದ ನೋಡಿದಾಗ ಟ್ರೈಲರಿನ ಉದ್ದದೊಡನೆ ೩೦ ಡಿಗ್ರಿ ಕೋನವನ್ನೂ ಮಾಡುತ್ತದೆ ಎಂದು ಭಾವಿಸಿ. ಬೆಲ್ಟಿನ ಎಳೆತದಲ್ಲಿ ಹಿಮ್ಮುಖವಾದ ಪಾಲು ಎಷ್ಟು? ಬಲವನ್ನು ಘಟಕಗಳಾಗಿ ಒಡೆಯುವ ಪಾಠವನ್ನು ನೆನೆದರೆ, ೩೦ ಡಿಗ್ರಿಯ ಕೊಸೈನನ್ನು ಎರಡು ಸಾರಿ ಗುಣಿಸಬೇಕು: ೦.೮೬೬ × ೦.೮೬೬ = ೦.೭೫. ಎರಡು ಬೆಲ್ಟುಗಳಿಂದ ೧.೫ ಪಾಲು. ಆದುದರಿಂದ ಒಂದೊಂದರ ಎಳೆತ ೯,೪೦೮ ÷ ೧.೫ = ೬,೨೭೨ ನ್ಯೂಟನ್, ಅಂದರೆ ಸುಮಾರು ೬೪೦ ಕಿ.ಗ್ರಾಂ. ಭಾರ.

ಈಗ ಬಳೆಗಳು ಕಾರಿಗೆ ತೀರ ಹತ್ತಿರವಿದ್ದು, ಬೆಲ್ಟು ಹಾಸಿನೊಡನೆ ೬೦ ಡಿಗ್ರಿ ಕೋನದಲ್ಲಿ ಕಡಿದಾಗಿ ನಿಂತಿತೆನ್ನಿ. ಹಿಮ್ಮುಖದ ಪಾಲು ೦.೫ × ೦.೮೬೬ = ೦.೪೩೩ಕ್ಕೆ ಇಳಿಯುವುದು. ಅದೇ ಕಾರು, ಅದೇ ಬ್ರೇಕು. ಬೆಲ್ಟಿನ ಎಳೆತ ಮಾತ್ರ ಸುಮಾರು ೧೧೦೮ ಕಿ.ಗ್ರಾಂ. ಭಾರಕ್ಕೆ ಏರುವುದು. ಹೆಚ್ಚಾದ ಎಳೆತವೆಲ್ಲ ಕಾರನ್ನು ಕೆಳಕ್ಕೆ ಒತ್ತುವುದರಲ್ಲಿ ವ್ಯಯವಾಗುವುದು. ಬೆಲ್ಟು ದಪ್ಪವಾಗಿದ್ದರೆ ಸಾಲದು, ಅದು ಸರಿಯಾದ ಕಡೆಗೆ ಎಳೆಯಬೇಕು ಎಂಬುದನ್ನು ಈ ಎರಡು ಅಂಕಿಗಳು ತೋರಿಸುವುವು.

ಲಾರಿಗಳಲ್ಲಿ ಇಂದು ಬಳಸುವ ೫೦ ಮಿಲಿಮೀಟರು ಅಗಲದ ಪಾಲಿಯೆಸ್ಟರ್ ಬೆಲ್ಟುಗಳಲ್ಲಿ, ನೇರವಾಗಿ ಎಳೆದಾಗ ೨೫೦೦ ಕಿ.ಗ್ರಾಂ. ಭಾರದಷ್ಟು ಎಳೆತಕ್ಕೆ ಯೋಗ್ಯವೆಂದು ಗುರುತಿಸಿದವು ಸಾಮಾನ್ಯ. ನಮ್ಮ ಲೆಕ್ಕದ ಕೆಲಸಕ್ಕೆ ಇವು ಧಾರಾಳ. ಆದರೆ ಗಂಟು ಹಾಕಿದ ಬೆಲ್ಟಾಗಲಿ, ಹರಿತವಾದ ಅಂಚಿಗೆ ಉಜ್ಜಿ ನೂಲು ಕಿತ್ತ ಬೆಲ್ಟಾಗಲಿ ಈ ಅಂಕಿಗೆ ಬಾಧ್ಯವಲ್ಲ. ಅಂಥದನ್ನು ಬಿಸಾಡುವುದೇ ಲೇಸು.

೩. ತಿರುವು

ಶಿರಾಡಿಯ ತಿರುವುಗಳಲ್ಲಿ ಕಾರು ಪಕ್ಕಕ್ಕೆ ಸರಿಯಲು ನೋಡುವುದು. ತಿರುವಿನ ತ್ರಿಜ್ಯ ೩೦ ಮೀಟರು, ವೇಗ ಗಂಟೆಗೆ ೩೬ ಕಿ.ಮೀ., ಅಂದರೆ ಸೆಕೆಂಡಿಗೆ ೧೦ ಮೀಟರು ಎಂದಾದರೆ, ಕೇಂದ್ರಾಭಿಮುಖ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು: ೧೦೦ ÷ ೩೦ = ೩.೩. ಇದು ಗುರುತ್ವದ ಮೂರರಲ್ಲೊಂದು ಪಾಲು, ಮಾನದಂಡದ ೦.೫ರ ಒಳಗಿದೆ. ವೇಗವನ್ನು ಗಂಟೆಗೆ ೫೪ ಕಿ.ಮೀ.ಗೆ ಏರಿಸಿದರೆ? ೨೨೫ ÷ ೩೦ = ೭.೫, ಗುರುತ್ವದ ೦.೭೭ ಪಾಲು. ವೇಗ ಒಂದೂವರೆ ಪಟ್ಟಾಯಿತು, ಬಲ ಎರಡೂಕಾಲು ಪಟ್ಟಾಯಿತು. ಬೆಲ್ಟು ತಡೆದರೂ ಟ್ರೈಲರಿನ ಚಕ್ರಗಳು ರಸ್ತೆಯನ್ನು ಹಿಡಿಯಲಾರವು.

ಪಕ್ಕದ ಬಲವನ್ನು ತಡೆಯುವುದರಲ್ಲಿ ಬೆಲ್ಟಿಗೆ ಘರ್ಷಣೆಯ ನೆರವುಂಟು. ಚಕ್ರ ಮುಂದಕ್ಕೆ ಉರುಳಬಲ್ಲುದು, ಪಕ್ಕಕ್ಕೆ ಉರುಳಲಾರದು. ಟೈರು ಹಾಸನ್ನು ಉಜ್ಜಿಕೊಂಡೇ ಸರಿಯಬೇಕು. ಹಾಸಿನ ಮೇಲೆ ಎಣ್ಣೆಯೋ ಕೆಸರೋ ಮಳೆನೀರೋ ಇದ್ದರೆ ಈ ನೆರವು ಕುಗ್ಗುವುದು. ಕಾರನ್ನು ಏರಿಸುವ ಮೊದಲು ಹಾಸನ್ನು ಗುಡಿಸಿ ಒರೆಸಬೇಕೆಂಬುದು ಶುಚಿತ್ವದ ಮಾತಲ್ಲ, ಭೌತಶಾಸ್ತ್ರದ ಮಾತು.

೪. ಉಬ್ಬಿನ ಮೇಲೆ ತೂಕ ಎಲ್ಲಿ ಹೋಯಿತು?

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಸಮೀಪಿಸುತ್ತಿದ್ದೇವೆ. ರಸ್ತೆಯ ಉಬ್ಬನ್ನು ಹಾಯುವ ಗಾಡಿ ವೃತ್ತದ ಒಂದು ಕಂಸದ ಮೇಲೆ ಚಲಿಸುವುದು. ಆ ವೃತ್ತದ ಕೇಂದ್ರ ಕೆಳಗಿದೆ. ಗಾಡಿಯನ್ನು ಕೇಂದ್ರದ ಕಡೆಗೆ ಬಾಗಿಸಬೇಕಾದ ಬಲ ಗುರುತ್ವದಿಂದಲೇ ಬರಬೇಕು. ವೇಗ ಹೆಚ್ಚಿದಂತೆ ಗುರುತ್ವದ ಹೆಚ್ಚು ಪಾಲು ಇದಕ್ಕೇ ಖರ್ಚಾಗಿ, ಹೊರೆ ಹಾಸನ್ನು ಒತ್ತುವ ಬಲ ಕಡಿಮೆಯಾಗುವುದು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ೯.೮ ಬಂದರೆ, ಉಬ್ಬಿನ ನೆತ್ತಿಯಲ್ಲಿ ಆ ಬಲ ಸೊನ್ನೆ! ಆ ಕ್ಷಣದಲ್ಲಿ ಹೊರೆಗೂ ಹಾಸಿಗೂ ಘರ್ಷಣೆಯೇ ಇಲ್ಲ.

ನಮ್ಮ ರಸ್ತೆ ಎಂಜಿನಿಯರುಗಳು ಶಿಫಾರಸು ಮಾಡುವ ಉಬ್ಬು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರವುಳ್ಳದ್ದು. ರೇಖಾಗಣಿತದಿಂದ ಇದರ ತ್ರಿಜ್ಯ ಸುಮಾರು ೧೭ ಮೀಟರು. ಹೊರೆ ತೂಕರಹಿತವಾಗಬೇಕಾದರೆ ಇದರ ಮೇಲೆ ಗಂಟೆಗೆ ಸುಮಾರು ೪೬ ಕಿ.ಮೀ. ವೇಗ ಬೇಕು. ಆದರೆ ಊರವರು ಮಣ್ಣು, ಜಲ್ಲಿ, ಡಾಂಬರುಗಳಿಂದ ತಾವೇ ಹಾಕಿಕೊಂಡ ಉಬ್ಬು ಒಂದು ಮೀಟರು ಅಗಲ, ಅಷ್ಟೇ ೧೦ ಸೆಂಟಿಮೀಟರು ಎತ್ತರವಿದ್ದರೆ ಅದರ ತ್ರಿಜ್ಯ ೧.೩ ಮೀಟರು ಮಾತ್ರ. ಅಲ್ಲಿ ಗಂಟೆಗೆ ೧೩ ಕಿ.ಮೀ. ವೇಗವೇ ಸಾಕು! ಸ್ಪ್ರಿಂಗು ಮತ್ತು ಟೈರುಗಳ ಮೆತುತನವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವು ಹೊಡೆತವನ್ನು ಮೃದುಗೊಳಿಸುವುವು. ಆದರೂ ಟ್ರ್ಯಾಕ್ಟರಿನ ಟ್ರೈಲರಿನಂಥ ಬಿರುಸು ಗಾಡಿಯಲ್ಲಿ ಲೆಕ್ಕ ಸತ್ಯಕ್ಕೆ ದೂರವೇನಲ್ಲ. ಭಾರವಾದ ಹೊರೆ ತನ್ನ ಭಾರದಿಂದಲೇ ಕದಲದೆ ಕುಳಿತಿರುವುದೆಂಬ ನಂಬಿಕೆ ಉಬ್ಬಿನ ನೆತ್ತಿಯಲ್ಲಿ ಸುಳ್ಳಾಗುವುದು.

೫. ಬಿಗಿ ಎಲ್ಲಿ ಹೋಯಿತು?

ಬೆಲ್ಟು ಒಂದು ಸ್ಪ್ರಿಂಗಿನಂತೆ ವರ್ತಿಸುವುದು. ಹೂಕನ ನಿಯಮದಂತೆ, ಅದು ಹಿಗ್ಗಿದಷ್ಟೂ ಎಳೆಯುವುದು. ಹಿಗ್ಗು ಹೋದರೆ ಎಳೆತವೂ ಹೋಯಿತು. ಪಾಲಿಯೆಸ್ಟರ್ ಬೆಲ್ಟು ತನ್ನ ಪೂರ್ಣ ಯೋಗ್ಯತೆಯ ಎಳೆತದಲ್ಲಿ ಶೇಕಡ ೭ಕ್ಕಿಂತ ಹೆಚ್ಚು ಹಿಗ್ಗಬಾರದೆಂದು ಮಾನದಂಡವಿದೆ. ಶೇಕಡ ೭ ಎಂದೇ ಹಿಡಿಯೋಣ. ೨ ಮೀಟರು ಉದ್ದದ ಬೆಲ್ಟನ್ನು ೫೦೦ ಕಿ.ಗ್ರಾಂ. ಭಾರದ ಎಳೆತಕ್ಕೆ, ಅಂದರೆ ಯೋಗ್ಯತೆಯ ಐದನೆಯ ಒಂದು ಪಾಲಿಗೆ ಬಿಗಿದರೆ, ಅದು ಶೇಕಡ ೧.೪ರಷ್ಟು, ಅಂದರೆ ೨೮ ಮಿಲಿಮೀಟರು ಹಿಗ್ಗಿರುತ್ತದೆ. ನಮ್ಮ ಬಿಗಿಯೆಲ್ಲ ಈ ೨೮ ಮಿಲಿಮೀಟರಿನಲ್ಲಿದೆ!

ಈ ಬೆಲ್ಟನ್ನು ಕಾರಿನ ಚಾಸಿಗೆ ಕಟ್ಟಿದ್ದೇವೆ ಎನ್ನಿ. ಚಾಸಿ ಸ್ಪ್ರಿಂಗುಗಳ ಮೇಲೆ ಕುಳಿತಿರುವುದು. ಉಬ್ಬನ್ನು ಇಳಿದಾಗ ಅದು ೫ ಸೆಂಟಿಮೀಟರು ಕೆಳಕ್ಕೆ ಕುಸಿದರೆ, ೩೦ ಡಿಗ್ರಿ ಕೋನದ ಬೆಲ್ಟಿನ ಎರಡು ತುದಿಗಳು ಸುಮಾರು ೨೫ ಮಿಲಿಮೀಟರು ಹತ್ತಿರವಾಗುವುವು. ಉಳಿದದ್ದು ೩ ಮಿಲಿಮೀಟರು ಹಿಗ್ಗು. ಎಳೆತ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಕುಸಿತ ಇನ್ನೂ ಸ್ವಲ್ಪ ಹೆಚ್ಚಾದರೆ ಬೆಲ್ಟು ಜೋಲುಬಿದ್ದು, ಬಾಯಿ ತೆರೆದ ಕೊಕ್ಕೆ ಬಳೆಯಿಂದ ಕಳಚಿಕೊಳ್ಳಬಹುದು. ಉಕ್ಕಿನ ಸರಪಳಿಯಾದರೆ ಹಿಗ್ಗುವುದೇ ಅತ್ಯಲ್ಪ. ಕೆಲವು ಮಿಲಿಮೀಟರು ಕುಸಿತಕ್ಕೇ ಅದರ ಬಿಗಿ ಪೂರ್ತಿ ಹೋಗುವುದು.

ಇದಕ್ಕೆ ಪರಿಹಾರ ಸರಳ. ಸ್ಪ್ರಿಂಗಿನ ಮೇಲಿರುವ ಭಾಗವನ್ನು ಬಿಟ್ಟು, ಸ್ಪ್ರಿಂಗಿನ ಕೆಳಗಿರುವ ಚಕ್ರಗಳನ್ನೋ ಅಚ್ಚನ್ನೋ ಬಿಗಿಯಬೇಕು. ಆಗ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ತಾನು ಏರಿಳಿದರೂ ಬೆಲ್ಟಿಗೆ ಅದರ ಸುದ್ದಿ ಮುಟ್ಟದು. ಹಳೆಯ ಕಾರಿನಲ್ಲಿ ಅಚ್ಚಿನ ಉದ್ದಕ್ಕೂ ಬ್ರೇಕಿನ ಕೊಳವೆ ಹಾದಿರುವುದುಂಟು. ಬೆಲ್ಟು ಅದನ್ನು ಅಮುಕದಂತೆ ನೋಡಿಕೊಳ್ಳಬೇಕು. ಬಂಪರಿಗಾಗಲಿ, ಸ್ಟಿಯರಿಂಗಿನ ಸರಳುಗಳಿಗಾಗಲಿ ಕೊಕ್ಕೆ ಹಾಕುವುದು ಸಲ್ಲದು.

ಕಬ್ಬಿನ ಟ್ರೈಲರಿನಲ್ಲಿ ನಡೆದುದೂ ಇದೇ. ಗದ್ದೆಯಲ್ಲಿ ಹಗ್ಗವನ್ನು ಎಷ್ಟೇ ಬಿಗಿದಿದ್ದರೂ, ದಾರಿಯ ಕುಲುಕಾಟದಲ್ಲಿ ಜಲ್ಲೆಗಳು ಒಂದರ ಸಂದಿಗೆ ಒಂದು ಇಳಿದು ಹೊರೆ ತಗ್ಗುವುದು. ಹೊರೆ ನಾಲ್ಕು ಬೆರಳು ತಗ್ಗಿದರೆ ಹಗ್ಗದ ಹಿಗ್ಗು ಪೂರ್ತಿ ಕಳೆದುಹೋಗುವುದು. ಹಗ್ಗವೇನೋ ಇತ್ತು, ಬಿಗಿ ಇರಲಿಲ್ಲ. ಅದೇ ವೇಳೆಗೆ ಉಬ್ಬು ಬಂದಿತು, ಘರ್ಷಣೆಯೂ ಕೈಬಿಟ್ಟಿತು. ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೆ.

೬. ಮುಂಭಾರ, ಹಿಂಭಾರ

ಹೊರೆ ಕದಲದಂತೆ ಬಿಗಿದರೆ ಸಾಲದು. ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ನಮ್ಮ ಸೀಮೆಯ ಗಾಡಿ ಹೊಡೆಯುವವರು ಇದನ್ನು ಪುಸ್ತಕ ಓದದೆ ಬಲ್ಲರು. ನನ್ನ ತಾತ ಆಲೆಮನೆಗೆ ಕಬ್ಬು ತುಂಬುವಾಗ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಮೂಕಿ ಹಗುರವಾಗಿ ಮೇಲಕ್ಕೆದ್ದರೆ, “ಹಿಂಭಾರ ಆಯ್ತು, ಎತ್ತಿನ ಕತ್ತು ಹಿಸುಕುತ್ತೆ” ಎಂದು ಹೊರೆಯನ್ನು ಮುಂದಕ್ಕೆ ಸರಿಸುತ್ತಿದ್ದರು. ಏಳಲಾರದಷ್ಟು ಭಾರವಾದರೆ, ನೊಗ ಹೆಗಲನ್ನು ಅರೆಯುವುದೆಂದು ಹಿಂದಕ್ಕೆ ಸರಿಸುತ್ತಿದ್ದರು. ಅವರು ಕೈಯಲ್ಲಿ ತೂಗಿ ನೋಡುತ್ತಿದ್ದುದು ಬಲದ ಭ್ರಾಮಕವನ್ನೇ.

ಟ್ರೈಲರಿನಲ್ಲಿಯೂ ಹಾಗೆಯೇ. ಟ್ರೈಲರು ಮತ್ತು ಹೊರೆಗಳ ಒಟ್ಟು ತೂಕದಲ್ಲಿ ಶೇಕಡ ೧೦ರಿಂದ ೧೫ರಷ್ಟು ಮುಂದಿನ ಕೊಂಡಿಯ ಮೇಲೆ ಕುಳಿತಿರಬೇಕೆಂಬುದು ಅನುಭವದ ನಿಯಮ. ಟ್ರೈಲರು ೬೦೦, ಕಾರು ೧೨೦೦, ಒಟ್ಟು ೧೮೦೦ ಕಿ.ಗ್ರಾಂ. ಎಂದಾದರೆ ಕೊಂಡಿಯ ಮೇಲೆ ೧೮೦ರಿಂದ ೨೭೦ ಕಿ.ಗ್ರಾಂ. ಭಾರ ಬರಬೇಕು. ಕೊಂಡಿಯಿಂದ ಅಚ್ಚುಗಳ ನಡುವಿಗೆ ೩.೫ ಮೀಟರು ದೂರವಿರಲಿ. ಟ್ರೈಲರಿನ ಸ್ವಂತ ಗುರುತ್ವಕೇಂದ್ರ ಅಚ್ಚುಗಳ ನಡುವಿನ ಮೇಲೆಯೇ ಇರಲಿ. ಆಗ ಕಾರಿನ ಗುರುತ್ವಕೇಂದ್ರ ಆ ನಡುವಿಗಿಂತ ಎಷ್ಟು ಮುಂದಿರಬೇಕು? ೧೮೦ × ೩.೫ ÷ ೧೨೦೦ = ೦.೫೩ ಮೀಟರು, ೨೭೦ × ೩.೫ ÷ ೧೨೦೦ = ೦.೭೯ ಮೀಟರು. ಈ ಎರಡರ ನಡುವೆ, ಒಂದು ಗೇಣಿಗೂ ಸ್ವಲ್ಪ ಹೆಚ್ಚಿನ ಅವಕಾಶವಿದೆ.

ಕಾರಿನ ಗುರುತ್ವಕೇಂದ್ರವನ್ನು ಹುಡುಕುವುದು ಹೇಗೆ? ಕಬ್ಬು ತೂಗುವಂಥ ವೇಬ್ರಿಡ್ಜಿನ ಮೇಲೆ ಮೊದಲು ಮುಂದಿನ ಚಕ್ರಗಳನ್ನು ಮಾತ್ರ, ಅನಂತರ ಹಿಂದಿನವನ್ನು ಮಾತ್ರ ನಿಲ್ಲಿಸಿ ತೂಗಿದರಾಯಿತು. ಮುಂದೆ ೬೫೦, ಹಿಂದೆ ೫೫೦ ಕಿ.ಗ್ರಾಂ., ಚಕ್ರಗಳ ನಡುವಣ ಅಂತರ ೨.೪೬ ಮೀಟರು ಎಂದಾದರೆ, ಗುರುತ್ವಕೇಂದ್ರ ಮುಂದಿನ ಅಚ್ಚಿನಿಂದ ೨.೪೬ × ೫೫೦ ÷ ೧೨೦೦ = ೧.೧೩ ಮೀಟರು ಹಿಂದಿದೆ.

ಹಿಂಭಾರವಾದ ಟ್ರೈಲರು ಎತ್ತಿನ ಕತ್ತನ್ನು ಹಿಸುಕದು ನಿಜ. ಅದಕ್ಕಿಂತ ಕೆಟ್ಟದ್ದನ್ನು ಮಾಡುವುದು. ಒಂದು ವೇಗವನ್ನು ಮೀರಿದೊಡನೆ ಅದರ ಬಾಲ ಎಡಕ್ಕೂ ಬಲಕ್ಕೂ ತೂಗಾಡತೊಡಗಿ, ತೂಗಾಟ ಕ್ಷಣಕ್ಷಣಕ್ಕೂ ಬೆಳೆದು, ಕಡೆಗೆ ಎಳೆಯುವ ಗಾಡಿಯನ್ನೂ ರಸ್ತೆಯಿಂದ ಹೊರಕ್ಕೆ ಎಸೆಯಬಹುದು. ಹೀಗಾದಾಗ ಚಾಲಕನು ವೇಗವನ್ನು ಹೆಚ್ಚಿಸಲೂ ಬಾರದು, ಗಾಡಿಯ ಬ್ರೇಕನ್ನು ಥಟ್ಟನೆ ಒತ್ತಲೂ ಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು, ವೇಗ ತಾನಾಗಿ ಇಳಿಯುವಂತೆ ಬಿಡಬೇಕು.

೭. ಹಗ್ಗವಿಲ್ಲದೆ ಸಾಗಿದ ಕಟ್ಟಡ

ಶ್ರೀರಂಗಪಟ್ಟಣದಲ್ಲಿಯೇ ಈ ತತ್ತ್ವಗಳಿಗೆ ಸೊಗಸಾದ ನಿದರ್ಶನವೊಂದುಂಟು. ಬೆಂಗಳೂರು–ಮೈಸೂರು ರೈಲುದಾರಿಯನ್ನು ಜೋಡಿಹಳಿಯಾಗಿ ಮಾಡುವಾಗ ಟಿಪ್ಪುಸುಲ್ತಾನನ ಕಾಲದ ಶಸ್ತ್ರಾಗಾರವೊಂದು ಅಡ್ಡವಾಯಿತು. ಅದನ್ನು ಕೆಡಹುವುದಕ್ಕೆ ಬದಲಾಗಿ, ೨೦೧೭ರಲ್ಲಿ, ಸುಮಾರು ಸಾವಿರ ಟನ್ನು ತೂಕದ ಆ ಕಟ್ಟಡವನ್ನು ಇಡಿಯಾಗಿ ಉಕ್ಕಿನ ತೊಲೆಗಳ ಮೇಲೆ ಎತ್ತಿ, ನೂರು ಮೀಟರಿಗೂ ಮಿಕ್ಕ ದೂರ ಸಾಗಿಸಿ ಬೇರೆ ಕಡೆ ನೆಲೆಗೊಳಿಸಿದರು. ಅಷ್ಟು ಭಾರದ ಹೊರೆಯನ್ನು ಕದಲದಂತೆ ಬಿಗಿಯಲು ಎಷ್ಟು ದೊಡ್ಡ ಸರಪಳಿಗಳು ಬೇಕಾಗಿರಬಹುದೆಂದು ಯಾರಿಗಾದರೂ ಅನಿಸೀತು. ಲೆಕ್ಕ ಮಾಡಿ ನೋಡಿ. ಕಟ್ಟಡ ನಿಮಿಷಕ್ಕೆ ಒಂದು ಮೀಟರು ವೇಗದಿಂದ ಸಾಗುತ್ತ ಒಂದು ಸೆಕೆಂಡಿನಲ್ಲಿ ನಿಂತಿತೆಂದೇ ಇಟ್ಟುಕೊಂಡರೂ, ಅದನ್ನು ಮುಂದಕ್ಕೆ ಜಾರಿಸಲು ನೋಡುವ ಬಲ ಅದರ ತೂಕದ ಸುಮಾರು ಆರುನೂರನೆಯ ಒಂದು ಪಾಲು ಮಾತ್ರ. ಘರ್ಷಣೆಯೇ ಅದನ್ನು ಹಿಡಿಯಲು ಸಾಕು. ಬಿಗಿಯ ಅಗತ್ಯವನ್ನು ನಿರ್ಧರಿಸುವುದು ಬರಿಯ ಭಾರವಲ್ಲ, ವೇಗದಲ್ಲಿ ಆಗುವ ಬದಲಾವಣೆ.

೮. ಕೆಲಸದ ಕ್ರಮ

ಇಷ್ಟನ್ನು ತಿಳಿದ ಮೇಲೆ ಕೆಲಸದ ಕ್ರಮ ತಾನಾಗಿ ಹೊಳೆಯುವುದು. ಸಮನೆಲದಲ್ಲಿ, ಎಳೆಯುವ ಗಾಡಿಗೆ ಕೊಂಡಿಯನ್ನು ಭದ್ರವಾಗಿ ಸೇರಿಸಿದ ಮೇಲೆ, ಕಾರನ್ನು ಎಂಜಿನ್ನಿರುವ ಕಡೆ ಮುಂದಾಗಿ ಏರಿಸಬೇಕು. ಗುರುತ್ವಕೇಂದ್ರ ಗುರುತಿಸಿದ ಸ್ಥಳಕ್ಕೆ ಬಂದಾಗ ಚಕ್ರಗಳಿಗೆ ಮರದ ಅಡೆಗಳನ್ನು ಕೊಡಬೇಕು; ಮೇಲುಕೋಟೆಯ ತೇರನ್ನು ಕಂಡವರಿಗೆ ಚಕ್ರದ ಮುಂದಿನ ಮರದ ತುಂಡಿನ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ. ಮುಂದೆ ಎರಡು, ಹಿಂದೆ ಎರಡು ಬೆಲ್ಟುಗಳನ್ನು ಚಕ್ರಗಳಿಗೋ ಅಚ್ಚಿಗೋ ಹಾಕಿ, ಒಂದೊಂದನ್ನೂ ಸ್ವಲ್ಪಸ್ವಲ್ಪವಾಗಿ, ಸರದಿಯ ಮೇಲೆ ಬಿಗಿಯಬೇಕು. ಬೆಲ್ಟಿನ ಉಳಿದ ತುದಿಯನ್ನು ಗಾಳಿಗೆ ಬಡಿಯದಂತೆ ಸುತ್ತಿ ಕಟ್ಟಬೇಕು. ಬಾಗಿಲು, ಬಾನೆಟ್ಟುಗಳು ಗಾಳಿಗೆ ತೆರೆಯದಂತೆ ನೋಡಬೇಕು.

ಕಡೆಯ ಹೆಜ್ಜೆಯೇ ಎಲ್ಲಕ್ಕಿಂತ ದೊಡ್ಡದು. ಹೊರಟು ಹದಿನೈದು, ಇಪ್ಪತ್ತು ಕಿಲೋಮೀಟರು ಆದೊಡನೆ ನಿಲ್ಲಿಸಿ, ಪ್ರತಿಯೊಂದು ಬೆಲ್ಟನ್ನೂ ಕೈಯಿಂದ ಒತ್ತಿ ನೋಡಿ, ಮತ್ತೆ ಬಿಗಿಯಬೇಕು. ಘಾಟಿ ಮುಗಿದಾಗ ಒಮ್ಮೆ, ಊಟಕ್ಕೆ ನಿಂತಾಗ ಒಮ್ಮೆ, ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗುವಾಗ ಒಮ್ಮೆ ನೋಡಬೇಕು. ಇದಕ್ಕೆ ತಗಲುವುದು ಐದು ನಿಮಿಷ. ಹಿಗ್ಗು ೨೮ ಮಿಲಿಮೀಟರು ಮಾತ್ರ ಎಂಬುದನ್ನು ಮರೆಯದವನು ಈ ಐದು ನಿಮಿಷವನ್ನು ಉಳಿಸಲು ಹೋಗಲಾರನು.

ನನ್ನ ವಿದ್ಯಾರ್ಥಿಯ ತೋಳು ಮೂರು ತಿಂಗಳಲ್ಲಿ ಕೂಡಿಕೊಂಡಿತು. ಮರುವರ್ಷ ಅವನ ಮನೆಯ ಕಬ್ಬು ಕಾರ್ಖಾನೆಗೆ ಹೋದಾಗ ಅವನೇ ಟ್ರ್ಯಾಕ್ಟರಿನಲ್ಲಿ ಕುಳಿತು, ಮೊದಲನೆಯ ಉಬ್ಬಿಗೆ ಮುಂಚೆ ಗಾಡಿಯನ್ನು ನಿಲ್ಲಿಸಿ ಹಗ್ಗವನ್ನು ಮತ್ತೊಮ್ಮೆ ಎಳೆಸಿದನಂತೆ. ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕಗಳು ನನಗೆ ಈಗ ನೆನಪಿಲ್ಲ; ಇದೊಂದು ನೆನಪಿದೆ.

ವಿದ್ಯಾರ್ಥಿಗಳಿಗೆ ಎರಡು ಲೆಕ್ಕಗಳು

(೧) ಚಕ್ರದ ತ್ರಿಜ್ಯ ೩೩ ಸೆಂ.ಮೀ. ಅದಕ್ಕೆ ಅಡ್ಡ ಕೊಟ್ಟ ಮರದ ತುಂಡಿನ ಎತ್ತರ ೫ ಸೆಂ.ಮೀ. ಚಕ್ರ ಅದನ್ನು ಏರಬೇಕಾದರೆ ಅಚ್ಚಿನ ಮೇಲೆ ಎಷ್ಟು ಸಮತಲ ಬಲ ಬೇಕು? ಎತ್ತರ ೧೦ ಸೆಂ.ಮೀ. ಆದರೆ ಎಷ್ಟು? ಬ್ರೇಕಿನ ೦.೮ ಪಾಲನ್ನು ಯಾವುದು ತಡೆಯಬಲ್ಲುದು?

(೨) ಮೇಲಿನ ಟ್ರೈಲರಿನಲ್ಲಿ ಕಾರಿನ ಗುರುತ್ವಕೇಂದ್ರವನ್ನು ಅಚ್ಚುಗಳ ನಡುವಿಗಿಂತ ೩೦ ಸೆಂ.ಮೀ. ಹಿಂದಕ್ಕೆ ಇಟ್ಟರೆ ಕೊಂಡಿಯ ಮೇಲಿನ ಬಲ ಎಷ್ಟು, ಯಾವ ದಿಕ್ಕಿಗೆ?

ಉತ್ತರ: (೧) ಆ ಚಕ್ರದ ಮೇಲಿನ ಭಾರದ ೦.೬೨ ಪಾಲು, ೧.೦೩ ಪಾಲು. ಎರಡನೆಯದು ಮಾತ್ರ ತಡೆಯುವುದು. (೨) ಸುಮಾರು ೧೦೩ ಕಿ.ಗ್ರಾಂ. ಭಾರ, ಮೇಲ್ಮುಖವಾಗಿ. ನನ್ನ ತಾತನ ಮಾತಿನಲ್ಲಿ, ಹಿಂಭಾರ.